ಬನಹಟ್ಟಿಯ ಬಟ್ಟೆಯ ಗೋಡೆ

ಬನಹಟ್ಟಿ
ಶ್ರಾವಣ, ೧೯೫೨

ಮಾಮಲೇದಾರ ಸಾಹೇಬರ ಸೇವೆಗೆ ನೇಕಾರ ಬಸಗೊಂಡಪ್ಪನ ನಮಸ್ಕಾರಗಳು.

ಗದ್ದಲ ಹೆಚ್ಚಾಯಿತೆಂದು ನಮ್ಮೂರ ನಾಟಕಗೃಹಕ್ಕೆ ತಾವು ಹಾಕಿಸಿದ ಬೀಗ ಕ್ಷೇಮವಾಗಿದೆ. ತುಕ್ಕು ಹಿಡಿಯದಂತೆ ಎಣ್ಣೆ ಬಿಡುತ್ತಿದ್ದೇವೆ. ಆದರೆ ಮೊನ್ನೆಯ ಮಳೆಗೆ ರಂಗದ ಹಿಂದಿನ ಗೋಡೆ ಬಿದ್ದಿತು. ಮುಂಬಯಿ ಸರಕಾರದ ಆಸ್ತಿ ತೊಯ್ಯಬಾರದಲ್ಲವೇ? ನಾವು ನೇಕಾರರು, ಗೋಡೆ ಕಟ್ಟಲು ಬಾರದು. ಓಣಿಯವರೆಲ್ಲ ಸೇರಿ ದಪ್ಪ ಬಟ್ಟೆ ನೇಯ್ದು ಆ ಜಾಗಕ್ಕೆ ಇಳಿಬಿಟ್ಟೆವು. ಕೆಂಪು ನೂಲು ಉಳಿದಿತ್ತು, ಅಂಚೂ ಬಂತು.

ತಪ್ಪಾದದ್ದು ಅಲ್ಲೇ. ನಮ್ಮ ಓಣಿಯ ಗುರುಬಾಯಿ ಮುದುಕಿ ನಾಟಕಗೃಹದ ಹಿತ್ತಲ ಬಯಲಿಗೆ ಬಂದು, ಬಟ್ಟೆಯ ಎದುರು ಚಾಪೆ ಹಾಸಿ ಕುಳಿತಳು.

"ಆಯಿ, ಇದು ಪಡದೆ ಅಲ್ರಿ, ಗೋಡಿ," ಎಂದೆ.

"ಹಂಗಾರ ಗೋಡಿ ಯಾವಾಗ ಏಳತೈತಿ ಹೇಳಪಾ, ನಾ ಕುಂತಿರತೇನಿ."

ಅಷ್ಟರಲ್ಲಿ ಅವಳ ಹಿಂದೆ ಅರ್ಧ ಊರು ಕುಳಿತಿತ್ತು, ಪಕ್ಕದೂರು ರಬಕವಿಯವರೂ ಇದ್ದರು. ಬಂದವರನ್ನು ಸುಮ್ಮನೆ ಕಳಿಸುವುದು ಮರ್ಯಾದೆಯಲ್ಲವೆಂದು ಗೋಡೆಯನ್ನು ಸ್ವಲ್ಪ ಮೇಲೆತ್ತಿದೆವು. ಆ ಹೊತ್ತಿಗೆ ನಾನು ನಾಟಕದ ರಾಣಿಯ ಸೀರೆ ಉಟ್ಟು ಒಳಗೆ ನಿಂತಿದ್ದದ್ದು ಕೇವಲ ಯೋಗಾಯೋಗ.

ಗೃಹವನ್ನು ನೂಲಿನ ಗೋದಾಮು ಮಾಡುವ ವಿಚಾರ ತಮಗಿದೆಯಂತೆ. ಹುಕುಂ ಬರೆಯುವ ಮೊದಲು ಶನಿವಾರ ಸಂಜೆ ಒಮ್ಮೆ ತಪಾಸಣೆಗೆ ಬರಬೇಕು. ಗುರುಬಾಯಿ ತನ್ನ ಚಾಪೆ ಸರಿಸಿ, ಮುಂದೆ ತಮ್ಮ ಕುರ್ಚಿಗೆ ಜಾಗ ಮಾಡಿದ್ದಾಳೆ. ಮುಂಬಾಗಿಲಿಗೆ ತಮ್ಮದೇ ಬೀಗ ಇರುವುದರಿಂದ ದಯವಿಟ್ಟು ಹಿಂದಿನಿಂದ ಬನ್ನಿ. ತಾವು ಕುಳಿತ ಕೂಡಲೇ ಗೋಡೆ ಏಳುತ್ತದೆ.

ತಮ್ಮ ವಿಧೇಯ ನೇಕಾರ, ಶನಿವಾರದ ಮಟ್ಟಿಗೆ ರಾಣಿ,
ಬಸಗೊಂಡಪ್ಪ