ನೀಲಿ ಮುಟ್ಟದ ಎದುರಾಳಿ

ಗುಂಡಿ-ದಾರದ ಅಂಗಡಿಯಿಂದ,
ಹನ್ನೊಂದನೇ ತಾರೀಕು, ಭಾನುವಾರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯೆ? ನರ್ಸಿಂಗ್ ಹಾಸ್ಟೆಲಿನ ಊಟ ಒಗ್ಗುತ್ತಿದೆಯಾ? ಪಾಳಿ ಮುಗಿಸಿ ಬಂದು ಹಸಿದುಕೊಂಡು ಮಲಗಬೇಡ. ನನ್ನ ಕಾಲು ಚೆನ್ನಾಗಿದೆ, ನಿನ್ನಜ್ಜಿಯ ಬಾಯಿ ಅದಕ್ಕಿಂತ ಚೆನ್ನಾಗಿದೆ. ಇನ್ನು ಸುದ್ದಿ. ನೀನು ಟ್ಯಾಬ್‌ಗೆ ಹಾಕಿಕೊಟ್ಟ ಆ ಮೂರು ಹರಳು ಜೋಡಿಸೋ ಆಟದಿಂದ ಇಲ್ಲಿಯವರೆಗೆ ಆದ ಖರ್ಚು: ತಳ ಸೀದ ಹಾಲಿನ ಪಾತ್ರೆ ಒಂದು, ಕಾದು ಕಾದು ಎದ್ದುಹೋದ ಗಿರಾಕಿಗಳು ಇಬ್ಬರು, ಪಕ್ಕದಂಗಡಿ ಟೈಲರ್ ಜೊತೆಗಿನ ಮಾತುಕತೆ ಒಂದು ವಾರ ಬಂದ್.

ಜಗಳ ಏನೂಂತ ಕೇಳು. ಏಣಿಯಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಕೂತಿದ್ದೆನಲ್ಲ, ಆಗ ರಜೆಗೆ ಬಂದಿದ್ದ ನೀನು "ತಾತಾ, ಅಂಗಡಿ ಅಂಗಡಿ ಅಂತ ಜೀವ ತಿನ್ಬೇಡ, ಸುಮ್ನೆ ಕಂಪ್ಯೂಟರ್ ಜೊತೆ ಆಡ್ತಿರು" ಅಂತ ಕೈಗೆ ಕೊಟ್ಟೆ. ಒಂದೇ ಮಣೆ; ನಾನೊಂದು ಸಲ, ಅದೊಂದು ಸಲ. ಆ ತಿಂಗಳು ಹೆಚ್ಚುಕಡಿಮೆ ಎಲ್ಲ ಆಟವೂ ನಂದೇ. ತಲೆಗೆ ಕೊಂಬು ಬಂತು. ಪ್ಲಾಸ್ಟರ್ ಬಿಚ್ಚಿದ್ದೇ ಟೈಲರ್ ಮುಂದೆ ಕೊಚ್ಚಿಕೊಂಡೆ. ಅವನು ಹಲ್ಲಲ್ಲಿ ದಾರ ಕಡಿದು, "ಅಯ್ಯೋ, ಅದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ ಆಡುತ್ತೆ. ನಿದ್ದೆಗಣ್ಣಲ್ಲಿರೋನ ಹತ್ರ ಗೆದ್ದು ಮೀಸೆ ತಿರುವ್ತೀಯಲ್ಲ!" ಅಂದ. "ಇಲ್ಲ ಕಣೋ, ಅದು ಲೆಕ್ಕ ಹಾಕೇ ಆಡುತ್ತೆ" ಅಂದೆ. ಅದಕ್ಕೆ ಬುದ್ಧಿಯೇ ಇಲ್ಲದಿದ್ದರೆ ನನ್ನ ಗೆಲುವಿಗೆ ಬೆಲೆ ಎಲ್ಲಿಂದ ಬರಬೇಕು? ಅವನೆದುರೇ ಆಡಿ ತೋರಿಸಲು ಹೋದೆ. ಸೋತೆ. ಮತ್ತೆ ಸೋತೆ. ಈ ಜಟ್ಟಿ ಜಾರಿ ಬಿದ್ದಾಗ ಮೀಸೆ ಪೂರ್ತಿ ಮಣ್ಣಾಯಿತು.

ಆಮೇಲೆ ಗೆಲ್ಲೋ ಆಸೆ ಬಿಟ್ಟು ಅದು ಆಡೋದನ್ನೇ ನೋಡಿದೆ, ಎದುರುಗಡೆ ಹೊಸ ಅಂಗಡಿ ತೆರೆದವನನ್ನು ನೋಡೋ ಹಾಗೆ. ನಾಲ್ಕು ಸಾಲಾಗೋ ಜಾಗವಿದ್ದರೆ ಯಾವ ಬಣ್ಣವಾದರೂ ಸರಿ, ಬಿಡದೆ ಬಾಚುತ್ತೆ. ಇಲ್ಲದಿದ್ದರೆ ಸಿಕ್ಕಿದ ಮೂರು ಎತ್ತುತ್ತೆ. ಅದರಿಂದ ನನಗೆ ಯಾವ ದಾರಿ ಬಿಟ್ಟುಕೊಟ್ಟೆ ಅಂತ ತಿರುಗಿಯೂ ನೋಡಲ್ಲ. ಅಂದರೆ ಟೈಲರ್ ಅರ್ಧ ಸರಿ, ನಾನು ಅರ್ಧ. ಒಪ್ಪಿಕೊಂಡು ಟೀ ಕುಡಿದೆವು.

ಒಂದು ಮಾತು ಮಾತ್ರ ಅವನಿಗೆ ಹೇಳಲಿಲ್ಲ. ಪ್ಲಾಸ್ಟರಿನ ತಿಂಗಳಲ್ಲಿ ನನ್ನೆದುರು ಆಡಿದ್ದು ಹೀಗೆ ಆಡುತ್ತಿರಲಿಲ್ಲ. ಕಣ್ಣೆದುರೇ ನಾಲ್ಕು ನೀಲಿ ಇದ್ದರೂ ಮುಟ್ಟದೆ ಬಿಡುತ್ತಿತ್ತು. ನಾನು ಬಾಚಿಕೊಂಡು ಗೆಲ್ಲುತ್ತಿದ್ದೆ. ನಿನಗೆ ಐದು ವರ್ಷವಿದ್ದಾಗ ಈ ಕೌಂಟರ್ ಮೇಲೆ ಕೂರಿಸಿ, ಜೋಡಿ ತಪ್ಪಿದ ಗುಂಡಿಗಳನ್ನು ತಟ್ಟೆಯಲ್ಲಿ ಹರಡಿಕೊಂಡು ಇದೇ ಆಟ ಆಡುತ್ತಿದ್ದೆವು, ನೆನಪಿದೆಯಾ? ಶಟರ್ ಎಳೆಯೋವರೆಗೂ ನಿನ್ನ ಎರಡು ಕಾಲು ಗಾಳಿಯಲ್ಲಿ ಆಡುತ್ತಲೇ ಇರುತ್ತಿದ್ದವು. "ನೀಲಿ ಎತ್ಬಾರ್ದು ತಾತಾ, ಅದು ಖಾಲಿಯಾದ್ರೆ ತಟ್ಟೆ ಚೆನ್ನಾಗಿರಲ್ಲ" ಅಂತಿದ್ದೆ. ಕಂಪ್ಯೂಟರಿಗೆ ಯಾವ ಬಣ್ಣದ ಮೇಲೂ ಮುದ್ದಿಲ್ಲ ಪುಟ್ಟಿ. ಪಕ್ಕದ ರೂಮಿನಲ್ಲಿ ಮೊಬೈಲ್ ಹಿಡಿದುಕೊಂಡು "ಓದ್ಕೋತಿದೀನಿ, ಯಾರೂ ಬರ್ಬೇಡಿ" ಅನ್ನುತ್ತಿದ್ದವಳು ಓದುತ್ತಿದ್ದದ್ದು ನನ್ನ ಮಣೆಯನ್ನೇ ಅಂತ ಈಗ ತಿಳಿಯಿತು. ಅಜ್ಜಿಯನ್ನು ಕೇಳಿದರೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾಳೆ.

ಅವಳದೂ ನನ್ನದೂ ಸೇರಿಸಿ ಒಂದು ಹೊರೆ ಆಶೀರ್ವಾದ.

ನಿನ್ನ ತಾತ

ತಾ.ಕ.: ಗಿರಾಕಿ ನಿಂತಿದ್ದಾರೆ, ಬೇಗ ಹೇಳುತ್ತೇನೆ. ರಜೆಗೆ ಬಾ. ಟ್ಯಾಬ್ ಬೇಡ, ಗುಂಡಿ ತಟ್ಟೆ ಒರೆಸಿ ಇಟ್ಟಿದ್ದೇನೆ. ಎದುರಿಗೇ ಕೂತು ಆಡು, ಬಿಟ್ಟುಕೊಡದೆ ಆಡು. ನೀಲಿ ನಾನೂ ಮುಟ್ಟಲ್ಲ. ಟೈಲರ್ ಮುಂದೆ ಬಾಯಿ ಬಿಡಬೇಡ. ಒಟ್ಟು ಲೆಕ್ಕ: ಕಂಪ್ಯೂಟರಿಗೆ ಏನೂ ಇಲ್ಲ. ಟೈಲರ್‌ಗೆ ಅರ್ಧ ಗೆಲುವು, ಒಂದು ಟೀ. ಅಜ್ಜಿಗೆ ಒಂದು ತಿಂಗಳ ನೆಮ್ಮದಿ. ನಿನ್ನ ಹೆಸರಿಗೆ, ನಾನು ಗೆದ್ದ ಆಟಗಳೆಲ್ಲ. ನನಗೆ, ಕೂಡಿಕೊಂಡ ಮೂಳೆ.