ಖಾಲಿ ಸೇತುವೆಯ ಚಿತ್ರ ತೆಗೆದವರಿಗೆ

...ನೀರು ಸಾಕ್ಷಿ ಹೇಳುವುದಿಲ್ಲ ಎಂದೋ, ನೀರನ್ನು ಯಾರೂ ಸಾಕ್ಷಿಗೆ ಕರೆಯುವುದಿಲ್ಲ ಎಂದೋ ನನ್ನ ಅಜ್ಜಿ ಅನ್ನುತ್ತಿದ್ದಳು; ಸರಿಯಾಗಿ ನೆನಪಿಲ್ಲ. ಇವತ್ತು, ನಿಮ್ಮ ಕಾಲಕ್ಕಿಂತ ಮುನ್ನೂರು ವರ್ಷ ಈಚೆ, ಹಿಜರಿ ಸಾವಿರದ ಏಳುನೂರ ನಲವತ್ತೊಂದು, ಶಾಬಾನ್ ತಿಂಗಳ ಮೂವತ್ತೊಂದು. ಆ ತಿಂಗಳಿಗೆ ಅಂಥ ದಿನವೇ ಇಲ್ಲವೆಂದು ನಿಮಗೂ ಗೊತ್ತು. ಚಂದ್ರನನ್ನು ಎಲ್ಲರೂ ನೋಡಿಯಾಗಿದೆ. ಆದರೆ ಜನ ಸೇರಿರುವ ನಮ್ಮೂರ ಚೌಕ ಖಾಲಿಯಾಗುವವರೆಗೆ ರಂಜಾನ್ ಘೋಷಿಸಕೂಡದೆಂದು ಆಡಳಿತ ಸಭೆಯ ಅಪ್ಪಣೆ. ನನ್ನ ಮಾತು ವಿಚಿತ್ರವಾಗಿ ಕೇಳಿದರೆ ಮನ್ನಿಸಿ. ನಮ್ಮಲ್ಲಿ ಗುಂಪು ಎಂಬ ಪದವನ್ನು ಮೋಡಗಳಿಗೆ ಮಾತ್ರ ಬಳಸುತ್ತೇವೆ.

ಅರಬ್ ನಾಡುಗಳ ಜನ ಬೀದಿಗಿಳಿದ ಆ ಚಳಿಗಾಲದಲ್ಲಿ ನಮ್ಮೂರ ಚೌಕವೂ ತುಂಬಿತ್ತಂತೆ. ಸರ್ಕಾರಿ ಟಿವಿಯ ಕ್ಯಾಮೆರಾದವರಾದ ನೀವು ಅದೇ ಹೊತ್ತಿನಲ್ಲಿ ನದಿಯನ್ನೂ ಖಾಲಿ ಸೇತುವೆಯನ್ನೂ ತೋರಿಸುತ್ತಿದ್ದಿರಿ. ಬೇರೆ ಚಿತ್ರಗಳೆಲ್ಲ ಅಳಿದವು, ನಿಮ್ಮದು ಉಳಿಯಿತು. ಸಂಜೆಯಾದರೆ ಅದು ಪ್ರತಿ ಮನೆಯ ಗೋಡೆಯ ಮೇಲೂ ಮೂಡುತ್ತದೆ. ಇದನ್ನು ನೀರುನೋಟ ಎನ್ನುತ್ತೇವೆ: ಊಟಕ್ಕೆ ಮೊದಲು ಮನೆಯವರೆಲ್ಲ ಕುಳಿತು ಸದ್ದಿಲ್ಲದ ಆ ನದಿಯನ್ನು ನೋಡಬೇಕು. ಹಠ ಮಾಡುವ ಮಕ್ಕಳು ಅದನ್ನು ಕಂಡು ತೆಪ್ಪಗಾಗುತ್ತಾರೆ. ಸಾಯುತ್ತಿರುವವರ ಮಂಚವನ್ನು ಅದರೆದುರಿಗೆ ಎಳೆದಿಡುತ್ತಾರೆ. ಕೊನೆಯ ಮಾತಾಗಿ ಕೆಲವರು ನೀರು ಎನ್ನುತ್ತಾರೆ. ಅವರಿಗೆ ಬಾಯಾರಿದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ.

ಒಂದು ಸಂಜೆ ನನ್ನ ಮಗಳು ರಿಹಾಬ್ ಎದ್ದು ಗೋಡೆಯ ಹತ್ತಿರ ಹೋದಳು. "ಬಾಬಾ, ಖರ್ಜೂರದ ಗರಿ ಅಲುಗುತ್ತಿಲ್ಲ. ಗಾಳಿಯೇ ಇಲ್ಲ. ಮತ್ತೆ ಈ ಚಹಾ ಯಾಕೆ ನಡುಗುತ್ತಿದೆ?" ಎಂದಳು. ಚಿತ್ರದ ಕೆಳಮೂಲೆಯಲ್ಲಿ, ಕ್ಯಾಮೆರಾದ ಮುಂದಿನ ಕಟಕಟೆಯ ಮೇಲೆ, ನೀವು ಇಟ್ಟಿದ್ದ ಗಾಜಿನ ಲೋಟ. ಹುಟ್ಟಿದಾಗಿನಿಂದ ನೋಡಿಯೂ ನಾನದನ್ನು ಕಂಡಿರಲಿಲ್ಲ. ನೆಲ ನಡುಗುವಷ್ಟು ಜನ ನಿಮ್ಮ ಬೆನ್ನ ಹಿಂದೆ ಕೂಗುತ್ತಿದ್ದರು. ಆಮೇಲೆ ಲೋಟದ ಪಕ್ಕದಲ್ಲಿ ನಿಮ್ಮ ನೆರಳು ಕಂಡಿತು. ಭುಜಗಳು ನದಿಯತ್ತ, ಮುಖ ಚೌಕದತ್ತ.

ಮರುದಿನದಿಂದ ರಿಹಾಬ್ ನೀರುನೋಟಕ್ಕೆ ಕೂರಲಿಲ್ಲ. ಈಗ ಅವಳಂಥ ಸಾವಿರಾರು ಜನರೊಡನೆ ಚೌಕದಲ್ಲಿದ್ದಾಳೆ, ತಲೆಗೆ ಹಳದಿ ವಸ್ತ್ರ ಕಟ್ಟಿಕೊಂಡು. ಊರಿಗೆಲ್ಲ ಚಿತ್ರ ಕಳಿಸುವ ಗೋಪುರದಲ್ಲಿ ನನ್ನ ಕೆಲಸವೆಂದು ಅವಳಿಗೆ ಗೊತ್ತು. ಹೊರಡುವಾಗ "ನಿಮ್ಮ ನದಿಗೆ ನನ್ನ ಸಲಾಂ ಹೇಳಿ, ಬಾಬಾ" ಎಂದು ನಕ್ಕಳು.

ಗೋಪುರದ ಕ್ಯಾಮೆರಾ ಬೆಳಗಿನಿಂದ ಚೌಕದ ಮೇಲಿದೆ; ಊರೆಲ್ಲ ತಮ್ಮ ಗೋಡೆಗಳ ಮೇಲೆ ಅದನ್ನೇ ನೋಡುತ್ತಿದೆ. ಮಧ್ಯಾಹ್ನದ ಬಾಂಗ್ ಆದೊಡನೆ ಅದನ್ನು ನದಿಯತ್ತ ತಿರುಗಿಸಬೇಕೆಂದು ನನಗೆ ಹೇಳಿದ್ದಾರೆ. ಊರು ನೋಡುತ್ತಿರುವಷ್ಟು ಹೊತ್ತು ಸಿಪಾಯಿಗಳು ಚೌಕಕ್ಕೆ ಇಳಿಯುವುದಿಲ್ಲ. ನೀರು ಕಾಣಿಸಿದ ಮೇಲೆ ಇಳಿಯುತ್ತಾರೆ.

ಬಾಂಗ್ ಮುಗಿಯಿತು. ನನ್ನ ಲೋಟದಲ್ಲೂ ಚಹಾ ನಡುಗುತ್ತಿದೆ. ಹಳದಿ ವಸ್ತ್ರ ಇಲ್ಲಿಂದ ಕಾಣುತ್ತದೆ. ಕ್ಯಾಮೆರಾದ ಹಿಡಿಕೆಯ ಮೇಲಿರುವುದು ನನ್ನ ಕೈಯೇ. ಅವತ್ತು ಕತ್ತು ಹೊರಳಿಸಿ ನೀವು ಚೌಕದಲ್ಲಿ ಯಾರನ್ನು ಕಂಡಿರಿ, ಕಂಡ ಮೇಲೂ ನಿಮ್ಮ ಕೈ ಹೇಗೆ ನದಿಯತ್ತಲೇ ನಿಂತಿತು?