ಹೆಸರಿಗೆ ಮೊದಲು ಬಿಟ್ಟ ಜಾಗ

ಹೊಸನಗರ, ಸೋಮವಾರ

ಗುತ್ಯಮ್ಮನವರಿಗೆ ನಮಸ್ಕಾರ.

ನಿಮ್ಮ ಮಗಳ ಮದುವೆ ಕಾಗದ ಅಚ್ಚಾದ ಪ್ರೆಸ್ಸಿನಲ್ಲಿ ಟೈಪ್ ಮಾಡುವವಳು ನಾನು. ನಿಮ್ಮ ಮೈದುನ ಮಂಜುನಾಥಪ್ಪನವರು ಪ್ರೂಫ್ ನೋಡುವಾಗ ನಿಮ್ಮ ಹೆಸರಿನ ಮೊದಲಿದ್ದ ‘ಶ್ರೀಮತಿ’ಯನ್ನು ಗೀಟು ಹಾಕಿ ತೆಗೆದಿದ್ದರು. ನಾನು ಅದನ್ನು ಮತ್ತೆ ಸೇರಿಸಿ ಅಚ್ಚಿಗೆ ಕೊಟ್ಟೆ. ನಿನ್ನೆ ಅವರು ಕಾಗದ ನೋಡಿ ಕೂಗಾಡಿದರು.

“ಗಂಡ ತೀರ್ಕೊಂಡ ಮೇಲೆ ಎಂಥ ಶ್ರೀಮತಿ? ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೋಳು ನಂಗೆ ಕಲಿಸ್ತೀಯಾ?”

“ತೀರ್ಕೊಂಡಿದ್ದು ಅವ್ರಲ್ವಲ್ಲ ಅಣ್ಣಾ” ಅಂದೆ.

ಕೈತಪ್ಪಿ ಆಯಿತೆಂದು ನಿಮಗೆ ಬರೆದುಕೊಡಬೇಕು, ಇಲ್ಲವಾದರೆ ಕೆಲಸಕ್ಕೆ ಬರಬಾರದು ಎಂದು ಪ್ರೆಸ್ಸಿನ ಮಾಲೀಕರು ಹೇಳಿದ್ದಾರೆ. ಅದು ಕೈತಪ್ಪಿ ಆದದ್ದಲ್ಲ, ಬೇಕೆಂದೇ ಮಾಡಿದ್ದು. ಸುಳ್ಳು ಬರೆಯಲಾರೆ.

ಆದರೆ ನನ್ನದೂ ಒಂದು ತಪ್ಪಿದೆ. ತೆಗೆಯುವಾಗ ಅವರು ನಿಮ್ಮನ್ನು ಕೇಳಲಿಲ್ಲ, ಸೇರಿಸುವಾಗ ನಾನೂ ಕೇಳಲಿಲ್ಲ. ಅದಕ್ಕೆ ಕ್ಷಮಿಸಿ.

ಇದರ ಜೊತೆ ಹೊಸ ಪ್ರೂಫ್ ಇಟ್ಟಿದ್ದೇನೆ. ನಿಮ್ಮ ಹೆಸರಿಗೆ ಮೊದಲು ಜಾಗ ಬಿಟ್ಟಿದೆ. ಏನು ಇರಬೇಕೋ ನಿಮ್ಮ ಕೈಯಿಂದಲೇ ಬರೆದು, ಸಹಿ ಹಾಕಿ ಮಗಳ ಕೈಯಲ್ಲಿ ಪ್ರೆಸ್ಸಿಗೆ ಕಳಿಸಿ. ಏನೂ ಬೇಡವೆನಿಸಿದರೆ ಖಾಲಿ ಬಿಡಿ. ನನ್ನ ಕೆಲಸ ಉಳಿಯಲಿ ಎಂದು ಮಾತ್ರ ಏನನ್ನೂ ಬರೆಯಬೇಡಿ.

ಇಂತಿ,
ಜಿನಶ್ರೀ